ಐದು ನಿಮಿಷದ ಸೇವೆ

ಪ್ರಿನ್ಸಿಪಾಲರ ಕೋಟಿನ ಗುಂಡಿ ಅಂದು ಬೆಳಿಗ್ಗೆ ಕಿತ್ತು ಬೀಳದೆ ಇದ್ದಿದ್ದರೆ ಟೈಲರಣ್ಣನ ಕಡೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ನಾಲ್ಕು ದಿನದಿಂದ ನೋಡಿರಲೂ ಇಲ್ಲ. ಕಾಲೇಜಿನ ಕಚೇರಿಯ ಮೂರನೆಯ ಕಿಟಕಿಯ ಮುಂದೆ ಅವನು ನಿಲ್ಲುವುದು, ಒಳಗಿನಿಂದ "ನಾಳೆ ಬನ್ನಿ" ಎಂಬ ದನಿ ಬರುವುದು, ಅವನು ಮನೆಗೆ ಹೋಗುವುದು. ಇಪ್ಪತ್ತು ವರ್ಷ ಗಿರಾಕಿಗಳಿಗೆ ಅದೇ ಮಾತು ಹೇಳಿಕೊಂಡು ಬಂದವನಿಗೆ, ಅದನ್ನು ಕೇಳಿಸಿಕೊಳ್ಳುವ ಕಷ್ಟ ಈಗ ಗೊತ್ತಾಗುತ್ತಿತ್ತು.

ಅವನಿಗೆ ಬೇಕಾಗಿದ್ದದ್ದು ಮಗಳ ಟಿ.ಸಿ. ತಾಯಿ ಹಾಸಿಗೆ ಹಿಡಿದಾಗ ಹುಡುಗಿ ಕಾಲೇಜು ಬಿಟ್ಟು ಎಂಟು ತಿಂಗಳು ಆಸ್ಪತ್ರೆಯಲ್ಲೇ ಕೂತಳು. ತಾಯಿ ಉಳಿಯಲಿಲ್ಲ. ಮಗಳು ಮಾತ್ರ ಆ ವಾರ್ಡಿನಿಂದ ಒಂದು ಹಟ ಹೊತ್ತುಕೊಂಡು ಬಂದಳು, ತಾನು ನರ್ಸೇ ಆಗಬೇಕು ಅಂತ. ನರ್ಸಿಂಗ್ ಶಾಲೆಯಲ್ಲಿ ಸೀಟೂ ಸಿಕ್ಕಿತು. ನಾಳೆ ಸಂಜೆಯೊಳಗೆ ಟಿ.ಸಿ. ಒಪ್ಪಿಸದಿದ್ದರೆ ಆ ಸೀಟು ಇನ್ನೊಬ್ಬರ ಪಾಲು.

ಐದನೆಯ ದಿನವಾದ ಅಂದು ಅವನು ಬಂದಾಗ ಕಚೇರಿಯ ಗುರುತೇ ಹತ್ತಲಿಲ್ಲ. ಫ್ಯಾನಿನ ರೆಕ್ಕೆಗಳು ಬೆಳ್ಳಗಾಗಿದ್ದವು. ಬಾಗಿಲಲ್ಲಿ ಹೂಕುಂಡಗಳು, ಗೋಡೆಯ ಮೇಲೆ 'ನಿಮ್ಮ ಸೇವೆಯೇ ನಮ್ಮ ಸಂತೋಷ' ಎಂಬ ಒದ್ದೆ ಅಕ್ಷರ. ಅಷ್ಟರಲ್ಲಿ ಹೆಡ್ ಕ್ಲರ್ಕು ಕೋಟೊಂದನ್ನು ಮಗುವಿನಂತೆ ಎತ್ತಿಕೊಂಡು ಹೊರಗೆ ಓಡಿಬಂದ.

"ಯಾರ ಹತ್ರ ಆದ್ರೂ ಸೂಜಿ ಇದ್ಯೇನ್ರೀ? ಪ್ರಿನ್ಸಿಪಾಲರ ಗುಂಡಿ ಬಿದ್ದೋಗಿದೆ!"

ಟೈಲರಣ್ಣನ ಕಾಲರಿನಲ್ಲಿ ದಾರ ಪೋಣಿಸಿದ ಸೂಜಿ ಯಾವಾಗಲೂ ಇರುತ್ತಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಗುಂಡಿ ಹಾಕಿ, ದಾರ ಕಚ್ಚಿ ಕತ್ತರಿಸಿ ಕೊಟ್ಟ. ಐದು ನಿಮಿಷ ಹಿಡಿಯಿತು. ಆ ಕಚೇರಿಯಲ್ಲಿ ಅಂದು ಐದು ನಿಮಿಷದಲ್ಲಿ ಮುಗಿದ ಕೆಲಸ ಅದೊಂದೇ.

ಹೆಡ್ ಕ್ಲರ್ಕು ಅವನನ್ನು ಮೊದಲ ಸಲ ಮನುಷ್ಯನಂತೆ ನೋಡಿದ. ವಿಷಯ ತಿಳಿದುಕೊಂಡು ಪಕ್ಕದಲ್ಲೇ ಕೂತ.

"ನಿಮ್ಮ ಟಿ.ಸಿ. ಸಂಜೆ ಕೈಗೆ ಕೊಡೋ ಜವಾಬ್ದಾರಿ ನಂದು. ನೀವೊಂದು ಉಪಕಾರ ಮಾಡಿ. ಇವತ್ತು ಕಾಲೇಜಿಗೆ ದರ್ಜೆ ಕೊಡೋ ತಪಾಸಣೆಯವರು ಬರ್ತಾರೆ. ಹೊರಗಿನಿಂದ ಬಂದೋರನ್ನ, ಇಲ್ಲಿ ಸೇವೆ ಹೇಗಿದೆ ಅಂತ ಕೇಳ್ತಾರೆ. ಕೇಳೋಕೆ ಒಬ್ಬರಾದ್ರೂ ಇರಬೇಕಲ್ಲ? ಇದ್ದೋರಿಗೆಲ್ಲ ನಾಳೆ ಬನ್ನಿ ಅಂದುಬಿಟ್ಟಿದೀವಿ."

"ಏನು ಹೇಳ್ಬೇಕು ಸ್ವಾಮಿ?"

"ಚೆನ್ನಾಗಿದೆ ಅನ್ನಿ, ಸಾಕು."

ಸಾಕಾಗಲಿಲ್ಲ. ಅಟೆಂಡರು ತಾನೇ ತಪಾಸಣೆಯವನಾಗಿ ಕುರ್ಚಿಯಲ್ಲಿ ಕೂತು ಅವನಿಗೆ ಮಧ್ಯಾಹ್ನದವರೆಗೂ ತಾಲೀಮು ಕೊಟ್ಟ. "ಮುಖ ಸಪ್ಪಗಿದೆ ಟೈಲರಣ್ಣ. ಟಿ.ಸಿ. ಸಿಕ್ಕಿದೋನ ಥರ ನಗ್ರೀ" ಎಂದು ಗದರಿದ. ಸಿಕ್ಕಿದವನು ಹೇಗೆ ನಗುತ್ತಾನೆಂದು ಅಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ತಪಾಸಣೆಯವರು ಬಂದದ್ದು ಮೂರು ಗಂಟೆಗೆ. ಅವರಲ್ಲಿ ಮುಖ್ಯಸ್ಥೆಯಾದ ಮೇಡಂ ಕನ್ನಡಕದ ಮೇಲಿನಿಂದ ನೋಡುವವರು. ನೇರ ಟೈಲರಣ್ಣನ ಮುಂದೆಯೇ ಬಂದು ನಿಂತರು.

"ಯಾವ ಕೆಲಸಕ್ಕೆ ಬಂದಿದ್ರಿ?"

"ಮಗಳ ಟಿ.ಸಿ.ಗೆ ತಾಯಿ."

"ಎಷ್ಟು ದಿನ ಓಡಾಡಿಸಿದ್ರು?"

"ದಿನವಾ!" ಟೈಲರಣ್ಣನಿಗೆ ತಾಲೀಮಿನ ಅಮಲು ಏರಿತು. "ಐದೇ ನಿಮಿಷ! ಕೂತ್ಕೊಳ್ಳೋಕೂ ಬಿಡ್ಲಿಲ್ಲ. ನಮ್ಮನೆಯವಳು ಇದ್ದಿದ್ರೆ ಎಷ್ಟು ಸಂತೋಷ ಪಡ್ತಿದ್ಲೋ..."

ಹೆಂಡತಿಯ ಮಾತು ತಾಲೀಮಿನಲ್ಲಿ ಇರಲಿಲ್ಲ. ತಾನಾಗಿ ಬಂತು, ಅದರ ಹಿಂದೆ ಅಳುವೂ ಬಂತು. ಆ ಅಳು ನಿಜವಾದದ್ದು. ಕಾಲೇಜಿನವರು ಸರಕ್ಕನೆ ಫೋಟೋ ತೆಗೆದರು. ಮೇಡಂ ಕೂಡ ಕರಗಿದರು, ಆದರೆ ಪೂರ್ತಿಯಲ್ಲ.

"ಎಲ್ಲಿ, ಆ ಟಿ.ಸಿ. ತೋರಿಸಿ."

"ಮ... ಮನೆಗೆ ಕಳಿಸಿಬಿಟ್ಟೆ ತಾಯಿ."

"ಹಾಗಾದ್ರೆ ಟಿ.ಸಿ. ಕೊಟ್ಟ ಪುಸ್ತಕ ತನ್ನಿ."

ಹೆಡ್ ಕ್ಲರ್ಕು ಬೀರುವಿನ ಕಡೆ ತಿರುಗಿದ. ಟಿ.ಸಿ. ಪುಸ್ತಕದ ಹಾಳೆಗಳಿಗೆಲ್ಲ ನಂಬರು. ಕೊಟ್ಟ ಮೇಲೆ ಹಾಳೆ ಹೋಗಿರಬೇಕು, ಉಳಿದ ತುಂಡಿನ ಮೇಲೆ ತೆಗೆದುಕೊಂಡವರ ಸಹಿ ಇರಬೇಕು. ಬೀರುವಿನ ಬಾಗಿಲ ಮರೆಯಲ್ಲಿ ಅವನು ಮುಂದಿನ ಖಾಲಿ ಹಾಳೆಯನ್ನು ಪರ‍್ರನೆ ಹರಿದು, ತುಂಡಿನಲ್ಲಿ ಹುಡುಗಿಯ ಹೆಸರು ಗೀಚಿ, ಹಾಳೆಯನ್ನು ಅಟೆಂಡರನ ಕೈಗೆ ತುರುಕಿದ. ಅಟೆಂಡರನ ಅಂದಿನ ಹೊಸ ಸಮವಸ್ತ್ರಕ್ಕೆ ಜೇಬಿರಲಿಲ್ಲ. ಅವನು ಹಾಳೆಯನ್ನು ಉಂಡೆ ಮಾಡಿ ಬಾಯಿಗೆ ಹಾಕಿಕೊಂಡ.

"ಸಹಿ ಹಾಕೋದು ಮರೆತೇಹೋಗಿತ್ತು ಟೈಲರಣ್ಣ" ಎನ್ನುತ್ತ ಹೆಡ್ ಕ್ಲರ್ಕು ಪೆನ್ನು ಚಾಚಿದ. ಟೈಲರಣ್ಣ ಸಹಿ ಹಾಕಿದ. ಕೆಳಗೆ ಮೇಡಂ ತಮ್ಮ ಸಹಿ ಹಾಕಿ, ಮೊಹರು ಒತ್ತಿ, ಅಟೆಂಡರನ ಕಡೆ ತಿರುಗಿದರು.

"ನೀವು ಎಷ್ಟು ವರ್ಷದಿಂದ ಇದೀರಿ?"

ಅಟೆಂಡರು ಕಣ್ಣಲ್ಲಿ ನೀರು ತಂದುಕೊಂಡು ಗುಟುಕ್ಕನೆ ನುಂಗಿ, "ಮೂವತ್ತು ಮೇಡಂ" ಎಂದ.

ತಪಾಸಣೆಯವರ ಕಾರು ಹೋಯಿತು. ಕಾಲೇಜಿಗೆ ಮೊದಲ ದರ್ಜೆ ಖಾಯಂ ಎಂದು ಎಲ್ಲರೂ ಕೈ ಕುಲುಕಿಕೊಂಡರು. ಟೈಲರಣ್ಣ ಮೂರನೆಯ ಕಿಟಕಿಯ ಮುಂದೆ ಹೋಗಿ ನಿಂತ.

"ಸ್ವಾಮಿ, ನನ್ನ ಟಿ.ಸಿ."

ಹೆಡ್ ಕ್ಲರ್ಕನ ನಗು ನಿಧಾನವಾಗಿ ಇಳಿಯಿತು. ಪುಸ್ತಕ ತೆರೆದು ನೋಡಿದ, ಮುಚ್ಚಿದ, ಮತ್ತೆ ತೆರೆದ.

"ಕೊಟ್ಟಾಗಿದೆಯಲ್ಲ ಟೈಲರಣ್ಣ."

"ಎಲ್ಲಿ ಕೊಟ್ರಿ?"

"ಕೊಟ್ಟಿಲ್ಲ ಅಂತ ನಂಗೂ ಗೊತ್ತು, ನಿಮಗೂ ಗೊತ್ತು. ಆದ್ರೆ ಆ ನಂಬರಿನ ಹಾಳೆ ಇವನ ಹೊಟ್ಟೇಲಿದೆ. ತುಂಡಿನ ಮೇಲೆ ನಿಮ್ಮ ಸಹಿ, ಮೇಡಂ ಸಹಿ, ಮೊಹರು. ಇನ್ನೊಂದು ಹಾಳೆ ಬರೆದ್ರೆ ನಾನು ಕೆಲಸ ಕಳ್ಕೋತೀನಿ."

"ಹಾಗಾದ್ರೆ ನನ್ನ ಮಗಳು?"

"ಮೊದಲನೇದು ಕಳೆದುಹೋಗಿದೆ ಅಂತ ಪೊಲೀಸ್ ಸ್ಟೇಷನ್ನಿಂದ ಬರೆಸ್ಕೊಂಡು ಬನ್ನಿ. ಹದಿನೈದು ದಿನದಲ್ಲಿ ನಕಲು ಪ್ರತಿ ಕೊಡ್ತೀವಿ."

"ಕೊಡದೇ ಇರೋದು ಕಳೆಯೋದು ಹೇಗೆ ಸ್ವಾಮಿ?"

"ಅದನ್ನ ಮಾತ್ರ ಸ್ಟೇಷನ್ನಲ್ಲಿ ಕೇಳ್ಬೇಡಿ."

"ಮೇಡಂಗೆ ಹೋಗಿ ನಿಜ ಹೇಳ್ತೀನಿ!"

"ಹೇಳಿ. ಅತ್ತುಕೊಂಡು ಹೇಳಿದ್ದು ಸುಳ್ಳು, ಸಹಿ ಹಾಕಿದ್ದೂ ಸುಳ್ಳು ಅನ್ನಿ. ನಮ್ಮ ಜೊತೆ ನಿಮ್ಮನ್ನೂ ಒಳಗೆ ಹಾಕ್ತಾರೆ."

ಅಟೆಂಡರು ಹೊಟ್ಟೆ ಸವರಿಕೊಳ್ಳುತ್ತ ಬಂದು ಕಿಟಕಿ ಮುಚ್ಚಿದ. ಹದಿನೈದು ದಿನ ಕಾಯುವ ಸೀಟು ಎಲ್ಲೂ ಇರುವುದಿಲ್ಲವೆಂದು ಟೈಲರಣ್ಣನಿಗೆ ಗೊತ್ತಿತ್ತು. ಮನೆಯ ದಾರಿಯುದ್ದಕ್ಕೂ ನಡೆದದ್ದನ್ನು ಮಗಳಿಗೆ ಹೇಗೆ ಹೇಳಬೇಕೆಂದು ಜೋಡಿಸಿಕೊಂಡ. ಎಷ್ಟು ಜೋಡಿಸಿದರೂ ಅದು ಹುಚ್ಚನ ಮಾತಿನಂತೆಯೇ ಕೇಳಿಸುತ್ತಿತ್ತು.

ಮಗಳು ಫೋನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ತಾಯಿ ಹೋದ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಅಂದೇ.

"ನೋಡಪ್ಪಾ, ಕಾಲೇಜಿನವರೇ ನಿನ್ನ ಫೋಟೋ ಹಾಕಿದಾರೆ. 'ಐದು ನಿಮಿಷದಲ್ಲಿ ಟಿ.ಸಿ., ಆನಂದಬಾಷ್ಪ ಸುರಿಸಿದ ತಂದೆ' ಅಂತ! ಎಲ್ಲಿ, ಕೊಡು."

ಅವಳು ಕೈ ಚಾಚಿದಳು. ಟೈಲರಣ್ಣ ಫೋಟೋದಲ್ಲಿದ್ದ ತನ್ನ ಒದ್ದೆ ಮುಖವನ್ನು ನೋಡುತ್ತ ನಿಂತ. ಅವಳ ನಗು ಸಣ್ಣಗಾಯಿತು.

"ಅಪ್ಪಾ... ಕಳೆದುಬಿಟ್ಯಾ?"

ಟೈಲರಣ್ಣನಿಗೆ ಜೋಡಿಸಿಕೊಂಡು ಬಂದದ್ದು ಒಂದೂ ನೆನಪಿಗೆ ಬರಲಿಲ್ಲ. ಕಳೆಯಿತೆಂಬುದು ಹೇಗೂ ಬೆಳಿಗ್ಗೆ ಸ್ಟೇಷನ್ನಿನಲ್ಲಿ ತೊದಲದೆ ಹೇಳಬೇಕಾದ ಮಾತು.

"ಹೂಂ ಕಣಮ್ಮ" ಎಂದ. "ಕಳೆದುಹೋಯ್ತು."

ಮಗಳು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.