ಕುರಿ ಮಾರಲು ಹೋಗಿ ಕಡಲಲ್ಲಿ ಉಳಿದ ಮಾವ

ನಮ್ಮ ಮಾವನಷ್ಟು ಸಮುದ್ರ ಕಂಡವರು ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕು ಜಾಲಾಡಿದರೂ ಇನ್ನೊಬ್ಬರು ಸಿಗುವುದಿಲ್ಲ. ಹೀಗೆ ಹೇಳಿದ್ದು ಯಾರು ಅಂತೀರಾ? ಮಾವನೇ! ಅದನ್ನು ಅಲ್ಲಗಳೆಯುವ ಧೈರ್ಯ ನಮ್ಮ ಕಡೆ ಯಾರಿಗೂ ಇರಲಿಲ್ಲ. ಅಲ್ಲಗಳೆಯಬೇಕಾದರೆ ಮೊದಲು ಸಮುದ್ರವನ್ನು ನೋಡಿರಬೇಕಲ್ಲ? ನಮಗೆ ನೀರು ಅಂದರೆ ಬೋರ್‌ವೆಲ್ಲಿನ ಪೈಪಿನಿಂದ ತೋಳುಗಾತ್ರ ಬರುವುದು, ಅದೂ ಕರೆಂಟು ಇದ್ದಾಗ. ಗೌರಸಮುದ್ರ ಅಂತ ಊರ ಹೆಸರಿನಲ್ಲೇ ಒಂದು ಸಮುದ್ರ ಇಟ್ಟುಕೊಂಡು ಸಮಾಧಾನಪಟ್ಟ ಸೀಮೆ ನಮ್ಮದು. ಮಾವನ ಹಳ್ಳಿ ಇರುವುದು ಅದರ ಪಕ್ಕದಲ್ಲೇ.

ಮಾವ ಎಂದರೆ ನನ್ನ ಅವ್ವನ ತಮ್ಮ. ತಲೆಮಾರುಗಳಿಂದ ಕುರಿ ಕಾಯ್ದ ಮನೆ. ತೊಂಬತ್ತರ ದಶಕದ ಶುರುವಿನಲ್ಲಿ ಒಂದು ದಿನ ಚಳ್ಳಕೆರೆ ಸಂತೆಯಿಂದ ಕುರಿ ತುಂಬಿಕೊಂಡ ಲಾರಿಯೊಂದು ಗೋವಾ ಕಡೆಗೆ ಹೊರಟಿತ್ತು. ದಾರಿಯಲ್ಲಿ ಕುರಿಗಳಿಗೆ ಸೊಪ್ಪುನೀರು ನೋಡಿಕೊಳ್ಳಲು ಒಬ್ಬ ಆಳು ಬೇಕಾಗಿ ಮಾವ ಹತ್ತಿಕೊಂಡ. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ, ಎರಡು ದಿನದಲ್ಲಿ ಬರ್ತೀನಿ ಅಂತ ಹೇಳಿದ್ದನಂತೆ. ಬಂದದ್ದು ನಾಲ್ಕು ವರ್ಷದ ಮೇಲೆ!

ಓಡಿಹೋದನೇ? ಛೇ, ಹಾಗೆ ತಿಳಿಯಬೇಡಿ. ಕಾದು ಕೂತದ್ದು ಅಷ್ಟೇ. ಕುರಿ ಇಳಿಸಿ ಆದಮೇಲೆ ಮಾವ ಮುಖ ತೊಳೆಯಲೆಂದು ದಡಕ್ಕೆ ಹೋದನಂತೆ. ಕಣ್ಣು ಹಾಯುವವರೆಗೂ ನೀರು. ನಮ್ಮ ಕಡೆ ಮಳೆಗಾಲದಲ್ಲಿ ಹಳ್ಳ ಬಂದರೆ ಏನು ಮಾಡುತ್ತೇವೆ? ದಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಎಲೆಅಡಿಕೆ ಹಾಕಿಕೊಂಡು, ಅದು ಇಳಿಯುವ ತನಕ ಕಾಯುತ್ತೇವೆ. ಮಾವನೂ ಕೂತ. ಲಾರಿ ಡ್ರೈವರು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಬಂದು ಕೇಳಿದರೆ, ನೀನು ನಡಿ, ಇದು ಇಳಿದ ಮೇಲೆ ನಾನು ಬರ್ತೀನಿ ಅಂದನಂತೆ! ಸಂಜೆಗೆ ನೀರು ಒಂದಷ್ಟು ಹಿಂದೆ ಸರಿಯಿತಂತೆ. ನೋಡಿದ್ಯಾ, ಇಳೀತು ಅಂತ ಮಾವ ಎದ್ದು ಪಂಚೆ ಕೊಡವಿಕೊಳ್ಳುವಷ್ಟರಲ್ಲಿ ಮತ್ತೆ ಬಂತು. ಅಂಥ ಹಳ್ಳವನ್ನು ಬಿಟ್ಟು ಬರುವುದಾದರೂ ಹೇಗೆ?

ಎರಡು ದಿನದಿಂದ ಒಂದೇ ಜಾಗದಲ್ಲಿ ಕೂತಿದ್ದ ಈ ಕಂಬಳಿಯವನನ್ನು ಕಂಡು ಬೋಟಿನ ಸಾವ್ಕಾರನೊಬ್ಬ ಕೆಲಸ ಕೊಟ್ಟ. ಅದು ಬಲೆ ಹಾಕುವ ಬೋಟಲ್ಲ, ಬಾಡಿಗೆ ಬೋಟು. ನಾವು ಮದುವೆಗೆ ಟೆಂಪೋ ಮಾಡಿಕೊಂಡು ಹೋಗುವಂತೆ ಬೊಂಬಾಯಿ ಡೆಲ್ಲಿಯ ಶೋಕಿದಾರರು, ಕೆಂಪುಮುಖದ ಫಾರಿನ್ನಿನವರು, ದಿನದ ಲೆಕ್ಕದಲ್ಲಿ ಬೋಟು ಗೊತ್ತು ಮಾಡಿಕೊಂಡು, ಉದ್ದುದ್ದ ಗಾಳದ ಕೋಲು ಹಿಡಿದು ಮೀನು ಹಿಡಿಯಲು ಹೋಗುವುದು. ಗಾಳಕ್ಕೆ ಸಿಗಡಿ ಚುಚ್ಚಿಕೊಡುವುದು, ಬೋಟು ತೊಳೆಯುವುದು, ವಾಂತಿ ಮಾಡಿಕೊಂಡವರ ಬೆನ್ನು ನೀವುವುದು, ಇಷ್ಟು ಮಾವನ ಕೆಲಸ. ಬೋಟು ನಡೆಸುವುದಕ್ಕೆ ಅವನನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಇದನ್ನು ಮಾವ ಯಾರಿಗೂ ಹೇಳುತ್ತಿರಲಿಲ್ಲ ಬಿಡಿ. ನಮಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ಎಲ್ಲರ ಎದುರಿಗೆ.

ಕುರಿ ಕಾಯುವವನ ಕಾಲು ನಿಂತಲ್ಲಿ ನಿಲ್ಲುತ್ತದೆಯೇ? ಬೆಳಗಿನಿಂದ ಸಂಜೆತನಕ ಬೋಟಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಇದ್ದನಂತೆ. ನೀನು ನಡೆದ ದೂರಕ್ಕೆ ಬೋಟೇ ಬೇಕಿರಲಿಲ್ಲ, ಬೊಂಬಾಯಿಗೆ ನಡ್ಕೊಂಡೇ ಹೋಗಬೋದಿತ್ತು ಅಂತ ಸಾವ್ಕಾರ ನಗುತ್ತಿದ್ದನಂತೆ. ದಡಕ್ಕೆ ಬಂದಮೇಲೆ ಇನ್ನೊಂದು ಆಟ. ಸಂಜೆ ದೊಡ್ಡಿಗೆ ಕುರಿ ಕೂಡುವಾಗ ಒಂದೊಂದರ ಬೆನ್ನು ಮುಟ್ಟಿ ಎಣಿಸಿ ಬಿಡುವುದು ನಮ್ಮವರ ಪದ್ಧತಿ. ಮಾವನೂ ಬೋಟಿನ ಮೆಟ್ಟಿಲ ಬಳಿ ನಿಂತು ಇಳಿಯುವ ಒಬ್ಬೊಬ್ಬರ ಬೆನ್ನನ್ನೂ ಮುಟ್ಟಿ ಮುಟ್ಟಿ ಎಣಿಸುತ್ತಿದ್ದನಂತೆ, ದೊರೆಸಾನಿಯರನ್ನೂ ಬಿಡದೆ! ಫಾರಿನ್ನಿನವರು ಇದು ಈ ದೇಶದ ಆಶೀರ್ವಾದವೆಂದು ತಿಳಿದು ಕೈಮುಗಿದು ಇಳಿಯುತ್ತಿದ್ದರಂತೆ.

ಹಿಡಿದ ಮೀನನ್ನು ಕೆಲವರು ಫೋಟೋ ತೆಗೆಸಿಕೊಂಡು ವಾಪಸು ನೀರಿಗೇ ಬಿಡುತ್ತಿದ್ದರು ಅಂದಾಗ ನಾನು ಕೇಳಿದ್ದೆ, ಬಿಡೋದಾದ್ರೆ ಹಿಡಿಯೋದ್ಯಾಕೆ ಮಾವಾ ಅಂತ. ಅದು ಹೊಟ್ಟೆ ತುಂಬಿದವರ ಬೇಟೆ ಕಣವ್ವಾ ಅಂದಿದ್ದ. ಅಡುಗೆಮನೆಯಿಂದ ಅತ್ತೆಯ ದನಿ ಬಂತು:

“ಇವನನ್ನೂ ಹಂಗೇ ಹಿಡಿದು ಬಿಟ್ಟು ಕಳಿಸಿದ್ರು ನೋಡು, ಪುಣ್ಯಾತ್ಮರು.”

ಹಾಂ, ಅತ್ತೆಯ ವಿಷಯ ಹೇಳಬೇಕು. ಅತ್ತೆಗೂ ಮಾವನಿಗೂ ಸಂಬಂಧದೊಳಗೇ ಮದುವೆ, ಒಂದೇ ಅಂಗಳದಲ್ಲಿ ಮಣ್ಣಾಡಿ ಬೆಳೆದವರು. ಹಾಗಾಗಿ ಅವಳ ಬಾಯಲ್ಲಿ ಗಂಡ ಅಂದರೆ ‘ಇವನು’. ನಾಲ್ಕು ವರ್ಷದ ಮೇಲೆ ಮಾವ ಬಂದು ಬಾಗಿಲಲ್ಲಿ ನಿಂತು, ಸ್ವಲ್ಪ ತಡ ಆಯ್ತು ಅಂದಾಗ ಅವಳು ಕೂಗಾಡಲಿಲ್ಲ. ಕಾಲಿಗೆ ನೀರು ಕೊಟ್ಟಳು, ಮುದ್ದೆ ಇಕ್ಕಿದಳು. ಅವನು ಬದುಕಿದ್ದಾನೆ, ಚೆನ್ನಾಗಿದ್ದಾನೆ ಎಂದು ಆಗಾಗ ಲಾರಿಯವರಿಂದ ಸುದ್ದಿ ಬರುತ್ತಿತ್ತು, ಹಾಗಾಗಿ ಅಳು ಮುಗಿದಿತ್ತೋ ಏನೋ. ಆದರೆ ಅವತ್ತಿನಿಂದ ಒಂದು ಪಟ್ಟು ಹಿಡಿದಳು: ಮಾವ ಹತ್ತಿದ ಗಾಡಿಗೆ ಅವಳು ಹತ್ತುವುದಿಲ್ಲ! ಬಸ್ಸಾಗಲಿ, ಆಟೋ ಆಗಲಿ, ಎತ್ತಿನಗಾಡಿಯೇ ಆಗಲಿ. ಕೇಳಿದರೆ, ಅವನ ಜೊತೆ ಹತ್ತಿದರೆ ಎಲ್ಲಿ ಇಳೀತೀವಿ ಅನ್ನೋದಕ್ಕೆ ಗ್ಯಾರಂಟಿ ಇಲ್ಲ ಎನ್ನುತ್ತಿದ್ದಳು.

ನನ್ನನ್ನು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಗೆ ಕೊಟ್ಟರು. ಮದುವೆಗೆ ಮಾವ ಮೊದಲ ಬಸ್ಸಿಗೆ ಬಂದ, ಅತ್ತೆ ಅದರ ಹಿಂದೆ ಬಂದ ಬಸ್ಸಿಗೆ. ಸೋದರಮಾವನ ಶಾಸ್ತ್ರವೊಂದಕ್ಕೆ ಇಬ್ಬರೂ ಜೋಡಿಯಾಗಿ ನಿಲ್ಲಬೇಕಿತ್ತು, ಪುರೋಹಿತರು ಬಸ್ಸಿನ ದಾರಿ ನೋಡುತ್ತಾ ಮಂತ್ರವನ್ನು ಎಳೆದೂ ಎಳೆದೂ ಹೇಳಿದರು. ಚಳ್ಳಕೆರೆ ಸ್ಟ್ಯಾಂಡಿನ ಪ್ರೈವೇಟ್ ಬಸ್ ಏಜೆಂಟರಿಗೆ ಈ ಪದ್ಧತಿ ಎಷ್ಟು ರೂಢಿಯಾಯಿತೆಂದರೆ, ಅತ್ತೆ ದೂರದಲ್ಲಿ ಕಂಡರೆ ಸಾಕು, “ಯಜಮಾನ್ರ ಬಸ್ ಹೋಯ್ತಮ್ಮಾ, ನಿಮ್ದು ಹಿಂದೆ ಐತೆ” ಎಂದು ಅವರೇ ಹೇಳುತ್ತಿದ್ದರು.

ನನ್ನ ಗಂಡನ ಮನೆಯ ಬೀದಿಯಲ್ಲಿ ಮಾತ್ರ ಮಾವನಿಗೆ ರಾಜಮರ್ಯಾದೆ. ಅರ್ಧ ತೆಲುಗು ಅರ್ಧ ಕನ್ನಡ ಆಡುವ ನೇಕಾರರು ಮಗ್ಗದ ಗುಂಡಿಯಲ್ಲಿ ಕೂತಲ್ಲಿಂದಲೇ “ಏಂ ಮಾಮಾ, ಸಮುದ್ರಂ ಎಟ್ಲುಂದಿ?” ಎಂದು ಸಮುದ್ರದ ಯೋಗಕ್ಷೇಮ ವಿಚಾರಿಸುತ್ತಿದ್ದರು, ಬೀಗರದ್ದನ್ನು ಕೇಳುವ ಹಾಗೆ. ಮಾವ ಒಂದು ಕ್ಷಣ ಕಣ್ಣು ಮುಚ್ಚಿ, ಅದೇನೋ ಕೇಳಿಸಿಕೊಂಡವನಂತೆ ತಲೆದೂಗಿ, ಈಗ ಮಲಗೈತೆ ಅನ್ನುತ್ತಿದ್ದ. ಲಾಳಿಗಳೆಲ್ಲ ನಿಲ್ಲುತ್ತಿದ್ದವು. ಆಮೇಲೆ ಕತೆ ಶುರು.

ಆ ಕತೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಬೆಳಗಿನ ಜಾವದ್ದು. ದಡ ಕಾಣದಷ್ಟು ದೂರ ಹೋದಮೇಲೆ ಬೋಟಿನ ಇಂಜಿನ್ ಆಫ್ ಮಾಡುತ್ತಾರೆ. ಅಷ್ಟು ಹೊತ್ತು ಕಿವಿಯಲ್ಲಿ ತುಂಬಿದ್ದ ಸದ್ದು ಒಮ್ಮೆಲೇ ಇಲ್ಲವಾಗುತ್ತದೆ. ಗಾಳದವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಆಕಾಶ ಯಾವುದು, ನೀರು ಯಾವುದು ಎಂದು ತಿಳಿಯದ ಹಾಗೆ ಎರಡೂ ಒಂದೇ ಬಣ್ಣ, ತೊಳೆದ ಬೂದಿಯ ಬಣ್ಣ. ಬೋಟು ನಿಧಾನವಾಗಿ ಮೇಲೇಳುತ್ತದೆ, ಇಳಿಯುತ್ತದೆ, ಮಲಗಿದ ಕುರಿಯ ಹೊಟ್ಟೆಯ ಹಾಗೆ. ಆಗ ಮಾವ ಕಂಬಳಿ ಹೊದ್ದು ಸುಮ್ಮನೆ ಕೂತಿರುತ್ತಿದ್ದನಂತೆ. ನಡೆಯುವುದೂ ಮರೆಯುತ್ತಿತ್ತಂತೆ. ಇದನ್ನು ಹೇಳುವಾಗ ಅವನ ದನಿ ಇಳಿಯುತ್ತಾ ಇಳಿಯುತ್ತಾ ಪಿಸುಮಾತಾಗುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ, ಕುರಿ ಮೇಯುವ ಕಾವಲಿನ ಹುಲ್ಲಿನ ಮೇಲೆ ಗಾಳಿ ಒಂದೇ ಸಮನೆ ಹಾಯುತ್ತಿರುವಾಗ, ನೆರಳಲ್ಲಿ ಮಲಗಿದ ಕುರಿಗಳ ನಡುವೆ ಕೂತು ಅವನು ಹೀಗೆ ಹೇಳುತ್ತಿದ್ದರೆ ನನಗೂ ನೆಲ ಮೆಲ್ಲಗೆ ಏರಿಳಿದಂತಾಗಿ ನಿದ್ದೆ ಬಂದುಬಿಡುತ್ತಿತ್ತು.

ಅತ್ತೆ ಮಾತ್ರ ಮಾವ ಸಮುದ್ರ ಎಂದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು. ಒಳಗೆ ಪಾತ್ರೆಯ ಸದ್ದೂ ನಿಲ್ಲುತ್ತಿತ್ತು. ಸಿಟ್ಟಿಗೆ ಕೈಕಾಲು ಆಡುವುದಿಲ್ಲ ಅಂತ ನಾವೆಲ್ಲ ತಿಳಿದಿದ್ದೆವು.

ಇಷ್ಟೆಲ್ಲ ಮಾತಾಡುವ ಮಾವನಿಗೆ ಇದ್ದದ್ದು ಒಂದೇ ಆಸೆ: ಅತ್ತೆ ಯಾವುದಾದರೂ ಗಾಡಿಯಲ್ಲಿ, ಒಂದು ಸಲ, ತನ್ನ ಪಕ್ಕ ಕೂರಬೇಕು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದು, ಕಿಟಕಿಯಿಂದ ಕೈಬೀಸಿ ಕರೆದು, ಅವಳು ಮುಖ ತಿರುಗಿಸಿದ ಮೇಲೆ ಟವೆಲ್ಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಹೋಗುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ನಗುತ್ತಿದ್ದೆವು ನಾವು. ಆದರೆ ಆ ಮುಖ ಕಂಡಮೇಲೆ ನಾನು ಬೇರೆ ಕಡೆ ನೋಡುತ್ತಿದ್ದೆ.

ಎರಡು ಸಾವಿರದ ಇಸವಿ ಬಂದು ಕೆಲವು ವರ್ಷ ಕಳೆದಿತ್ತು. ಆ ಸಲ ಮಳೆ ಹುಚ್ಚೆದ್ದು ಸುರಿದು ಮಾವನ ಊರಿನ ಕೆರೆ ತುಂಬಿತು. ತುಂಬಿ ಕೋಡಿ ಬಿತ್ತು! ಕೆಲವು ತಿಂಗಳ ಮೇಲೆ ಅದರಲ್ಲಿ ಮೀನು ಹಿಡಿಯಲು ಹೊಸಪೇಟೆ ಕಡೆಯವರು ಒಂದು ಹರಿಗೋಲು ತಂದಿಳಿಸಿದರು, ಬುಟ್ಟಿಯಂಥ ದುಂಡನೆಯ ದೋಣಿ. ಅದನ್ನು ಕಂಡದ್ದೇ ಮಾವನ ಎದೆ ಒಂದು ಮೊಳ ಉಬ್ಬಿತು. ಅವರು ಊಟ ಮಾಡಿ ಮಲಗಲು ಹೊರಟ ಹೊತ್ತಿನಲ್ಲಿ ಕೇಳಿ ಇಸ್ಕೊಂಡು, ಬಾಡಿಗೆ ಬೋಟು ಹೆಂಗಿರ್ತೈತೆ ತೋರಿಸ್ತೀನಿ ಬರ್ರಿ ಎಂದು ಊರಿಗೇ ಸಾರಿದ. ಏರಿಯ ಮೇಲೆ ಜನವೋ ಜನ. ಅವತ್ತು ನಾನೂ ಊರಿಗೆ ಹೋಗಿದ್ದೆ, ಅತ್ತೆಯ ಜೊತೆ ಬಟ್ಟೆ ಒಗೆಯಲು ಕೆರೆಗೆ ಬಂದಿದ್ದೆ.

ಮಾವ ತಲೆಗೆ ರುಮಾಲು ಬಿಗಿದು, ಹರಿಗೋಲು ಹತ್ತಿ, ಹುಟ್ಟು ಹಾಕಿದ. ಹರಿಗೋಲು ಗಿರ್ರನೆ ತಿರುಗಿತು. ಆ ಕಡೆ ಹಾಕಿದ. ಈ ಕಡೆಯಿಂದ ಗಿರ್ರನೆ ತಿರುಗಿತು. ಬೆವರು ಸುರಿಸಿ ಏನೆಲ್ಲ ಸಾಹಸ ಮಾಡಿದರೂ ಅದು ದಡದಿಂದ ಎರಡು ಮಾರು ಮುಂದೆ ಹೋಗದೆ ಇದ್ದಲ್ಲೇ ಬುಗುರಿಯಾಯಿತು. ಸಮುದ್ರ ಸೀಳಿ ಬಂದ ಗಂಡು ಊರ ಕೆರೆಯಲ್ಲಿ ಒಮ್ಮೆ ನಮಗೆ ಮುಖ, ಒಮ್ಮೆ ಬೆನ್ನು ತೋರಿಸುತ್ತಾ ಕೂತ! ಏರಿಯ ಮೇಲಿನವರು ಶಿಳ್ಳೆ ಹೊಡೆದರು. ಮಾಮಾ, ಅಲ್ಲಿ ನೀನು ಬೋಟು ನಡೆಸಿದ್ಯೋ, ಇಲ್ಲಾ ತೊಳೆದ್ಯೋ ಎಂದು ಒಬ್ಬ ಕೂಗಿದ. ಮಾವನ ಮುಖ ಇಷ್ಟಾಯಿತು. ಇದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ, ಎತ್ಲಾಗಿ ಹೋಗು ಅಂತ ಹೇಳಾದು ಎಂದು ಗೊಣಗುತ್ತಾ ತಿರುಗುತ್ತಲೇ ಇದ್ದ.

ಅತ್ತೆ ಒಗೆಯುತ್ತಿದ್ದ ಸೀರೆಯನ್ನು ಕಲ್ಲಿನ ಮೇಲೆ ಬಿಟ್ಟು ನಿಂತು ನೋಡುತ್ತಿದ್ದಳು. ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗೆ ಇಳಿದಳು. ಹರಿಗೋಲಿನ ಅಂಚು ಹಿಡಿದು ನಿಲ್ಲಿಸಿ ಹೇಳಿದಳು:

“ಇದು ಎಲ್ಲಿಗೂ ಹೋಗಲ್ಲ, ಇದ್ದಲ್ಲೇ ತಿರುಗ್ತೈತೆ. ಇದಕ್ಕಾದ್ರೆ ನಾನು ಹತ್ತಬೋದು.”

ಹತ್ತಿಯೇಬಿಟ್ಟಳು! ಜನ ನೋಡುತ್ತಾರೆಂಬ ನಾಚಿಕೆಗೋ ಏನೋ, ನನ್ನ ಕೈಯನ್ನೂ ಹಿಡಿದು ಒಳಗೆ ಎಳೆದುಕೊಂಡಳು. ಶಿಳ್ಳೆ ನಿಂತಿತು. ಮೂವರ ಭಾರಕ್ಕೋ, ಅಥವಾ ಗಾಳಿಗೋ, ಹರಿಗೋಲು ನಿಧಾನವಾಗಿ ಸುತ್ತುತ್ತಾ ಸುತ್ತುತ್ತಾ ತಾನಾಗಿಯೇ ಒಳನೀರಿಗೆ ಸರಿಯಿತು. ಏರಿ, ಹುಣಸೆಮರ, ದೂರದ ಗುಡ್ಡ, ಮತ್ತೆ ಏರಿ, ಹೀಗೆ ಊರೆಲ್ಲ ಮೆಲ್ಲಗೆ ನಮ್ಮ ಸುತ್ತ ತಿರುಗತೊಡಗಿತು. ಮಾವ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡ. ನೀರಿನ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ತೇಲಿದೆವೋ.

“ಅಲ್ಲಿ ಹಿಂಗೇ ಇರ್ತಿತ್ತಾ?” ಅಂದಳು ಅತ್ತೆ.

ಮಾವ ಹೂಂ ಎಂದು ತಲೆಯಾಡಿಸಿದ. ಆಮೇಲೆ ನೀರು ನೋಡುತ್ತಾ, ತಪ್ಪಾಯ್ತು ಕಣೇ, ಹೇಳದೆ ಉಳಿದುಬಿಟ್ಟೆ ಎಂದ. ಇಷ್ಟು ವರ್ಷದಲ್ಲಿ ಅವನು ತಪ್ಪಾಯ್ತು ಅಂದದ್ದು ಅದೇ ಮೊದಲಿರಬೇಕು.

“ಉಳಿದಿದ್ದಕ್ಕೆ ಯಾರು ಸಿಟ್ಟು ಮಾಡಿದ್ರು?” ಎಂದಳು ಅತ್ತೆ. “ಲಾರಿಯೋರು ಬಂದು ಅಷ್ಟು ನೀರು ಐತೆ, ಇಷ್ಟು ನೀರು ಐತೆ ಅಂತ ಹೇಳೋರು. ದಿನಾ ದಾರಿ ನೋಡಿದೀನಿ, ನೀನೂ ಬಾ ಅಂತ ಕರೀತೀಯೇನೋ ಅಂತ. ಸಮುದ್ರ ನೋಡೋ ಆಸೆ ನಿನಗೊಬ್ಬನಿಗೇ ಇರ್ತೈತಾ?”

ನಾನು ತಲೆ ತಗ್ಗಿಸಿದೆ. ಅಡುಗೆಮನೆಯಲ್ಲಿ ಉಸಿರು ಹಿಡಿದು ಅವಳು ಕೇಳಿಸಿಕೊಳ್ಳುತ್ತಿದ್ದದ್ದನ್ನು ನಾವೆಲ್ಲ ಸಿಟ್ಟು ಅಂದುಕೊಂಡಿದ್ದೆವಲ್ಲ! ಅತ್ತೆ ಅಳುತ್ತಿದ್ದಳು. ಮಾವ ರುಮಾಲು ಬಿಚ್ಚಿ ತನ್ನ ಮುಖ ಒರೆಸಿಕೊಂಡ. ಹರಿಗೋಲು ಇನ್ನೊಂದು ಸುತ್ತು ತಿರುಗಿತು.

“ಈಗ ಕರೆದ್ರೆ ಬರ್ತೀಯಾ?” ಅಂದ ಮಾವ.

“ಕರಿ, ನೋಡಾಣ.”

ನಮ್ಮಲ್ಲಿ ಗಂಡ ಹೆಂಡತಿ ಹೆಸರು ಹಿಡಿದು ಕರೆಯುವುದಿಲ್ಲ. ನಾನು ಹುಟ್ಟಿದಾಗಿನಿಂದ ಮಾವನ ಬಾಯಲ್ಲಿ ಅತ್ತೆಯ ಹೆಸರು ಕೇಳಿರಲಿಲ್ಲ. ನಡುನೀರಿನಲ್ಲಿ, ಕೈಗೆಟುಕುವಷ್ಟು ಹತ್ತಿರ ಕೂತವಳನ್ನು, ಆಚೆ ದಡದಲ್ಲಿ ಇರುವವಳನ್ನು ಕರೆಯುವ ಹಾಗೆ, ಮಾವ ಹೆಸರು ಹಿಡಿದು ಕರೆದ.

ಅತ್ತೆ, ಬರ್ತೀನಿ ಅಂದಳು.