ಯಾವಾಗಲೂ ಇದರಲ್ಲೇ ತೆರೆ!

"ಇನ್ಮೇಲೆ ಈ ಮನೇಲಿ ಯಾರೂ ಏನೂ ಹುಡುಕಬೇಕಾಗಿಲ್ಲ!" ಎಂದು ಅಲ್ಪವಿರಾಮದವರು ಬೆಳಗ್ಗೆಯೇ ಘೋಷಿಸಿದರು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವರ ಕೆಲಸ, ಮಾತಿಗೆ ಪೂರ್ಣವಿರಾಮ ಹಾಕದಿರುವುದು ಅಭ್ಯಾಸ. ಆ ಅಡ್ಡಹೆಸರು ಬಂದದ್ದು ಹಾಗೆ. ದಿನವಿಡೀ ಬಳಸುವ ಟೆಕ್ಸ್ಟ್ ಎಡಿಟರಿನಲ್ಲಿ 'ಮನೆ' ಎಂಬ ಒಂದೇ ಫೈಲು ಮಾಡಿ, ಫೋಟೋ, ಪ್ರಮಾಣಪತ್ರ, ಲಿಂಕು ಎಲ್ಲವನ್ನೂ ಅದರಲ್ಲಿ ಸಾಲಾಗಿ ಪೋಣಿಸಿದ್ದರು. "ಒಂದ್ಸಲ ಒತ್ತು, ಅದರದರ ಆ್ಯಪಲ್ಲಿ ತಾನೇ ತೆರ್ಕೊಳ್ಳುತ್ತೆ!"

"ಹನ್ನೊಂದಕ್ಕೆ ನನ್ನ ಇಂಟರ್‌ವ್ಯೂ. ಆ ಲಿಂಕೊಂದು ತೆರ್ಕೊಂಡ್ರೆ ಸಾಕು," ಎಂದಳು ಹೆಂಡತಿ. ಮೂರು ವರ್ಷದಿಂದ ಕಾದಿದ್ದ ಗ್ರಂಥಪಾಲಕಿಯ ಕೆಲಸ.

ಇನ್ನು ಹತ್ತು ನಿಮಿಷವಿರುವಾಗ ಲಿಂಕು ಒತ್ತಿದರು. 'ಯಾವುದರಲ್ಲಿ ತೆರೆಯಲಿ?' ಎಂದಿತು ಕಂಪ್ಯೂಟರು. ಪಟ್ಟಿಯಲ್ಲಿ ಮೊದಲು ಕಂಡದ್ದು ಚಿರಪರಿಚಿತ ಎಡಿಟರೇ. ಅದನ್ನೇ ಆರಿಸಿ, ಕೆಳಗಿದ್ದ 'ಯಾವಾಗಲೂ ಇದರಲ್ಲೇ ತೆರೆ' ಎಂಬುದಕ್ಕೂ ಧಾರಾಳವಾಗಿ ಟಿಕ್ ಹಾಕಿದರು. ತೆರೆ ಎಂದದ್ದೇ ತಡ, ತೆರೆ ಬಿತ್ತು! ಪರದೆಯ ತುಂಬ ಬಾಣ, ಆವರಣ, ಅಡ್ಡಗೆರೆ, ತಲೆಬುಡವಿಲ್ಲದ ಅಕ್ಷರಗಳು.

"ಏನ್ರೀ ಇದು?"

"ಇರು, ತುಂಬಾ ತಪ್ಪಿದೆ," ಎಂದು ಅವರು ತಿದ್ದಲು ಕೂತೇಬಿಟ್ಟರು!

"ರೀ! ಅದು ನಿಮ್ಮ ಕರಡಲ್ಲ, ನನ್ನ ಕೆಲಸ!"

ಗಾಬರಿಯಾಗಿ ಪ್ರಮಾಣಪತ್ರ ಒತ್ತಿ ನೋಡಿದರು. ಅದಕ್ಕೂ ಅದೇ ಪ್ರಶ್ನೆ. ಕೈ ತಪ್ಪಿ ಅದಕ್ಕೂ ಅದೇ ಟಿಕ್. ಅವಳ ಪದವಿಯೂ ಪ್ರಶ್ನಾರ್ಥಕ ಚಿಹ್ನೆಗಳಾಗಿ ಸುರಿಯಿತು. "ಡಿಫಾಲ್ಟ್ ಕೆಟ್ಟಿದೆ ಕಣೇ, ಏನು ಒತ್ತಿದ್ರೂ ಎಡಿಟರೇ ತೆರ್ಕೊಳ್ಳುತ್ತೆ..."

"ಡಿ ಬಿಟ್ಟು ಹೇಳಿ. ಫಾಲ್ಟ್ ನಿಮ್ದೇ!" ಎಂದವಳೇ ಮೊಬೈಲು ಹಿಡಿದು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಅಲ್ಪವಿರಾಮದವರಿಗೆ ಛಲ ಹತ್ತಿತು. ಸೆಟ್ಟಿಂಗುಗಳ ಕಾಡಿನಲ್ಲಿ ಕಾಲು ಗಂಟೆ ಅಲೆದು, ಅಂತೂ ಆ ಟಿಕ್ ಕಿತ್ತು ಮತ್ತೆ ಲಿಂಕು ಒತ್ತಿದರು. ತೆರೆದೇಬಿಟ್ಟಿತು! ಪರದೆಯಲ್ಲಿ ನಾಲ್ವರು ಅಪರಿಚಿತರು. ಮೂಲೆಯಲ್ಲಿ ಬನಿಯನ್ ತೊಟ್ಟು ಕೆದರಿದ ತಲೆಯ ಒಬ್ಬ ಆಸಾಮಿ. ಯಾರಪ್ಪ ಇವನು? ಅವನ ಕೆಳಗೆ ಹೆಂಡತಿಯ ಹೆಸರು ಬೇರೆ ಇದೆಯಲ್ಲ!

"ತೆರ್ಕೊಂತು ಕಣೇ, ಓಡಿ ಬಾ!" ಎಂದು ಕೂಗಿದರು. ಆಸಾಮಿಯೂ ಬಾಯಿ ಆಡಿಸಿದ.

ನಾಲ್ವರಲ್ಲಿ ಹಿರಿಯರು ಕನ್ನಡಕ ಸರಿಮಾಡಿಕೊಂಡರು. "ಮೇಡಂ, ನಿಮ್ಮ ಹೆಸರಲ್ಲೇ ಇನ್ನೊಬ್ರು ಬಂದಿದಾರೆ. ಯಾರಿವರು?"

ಪರದೆಯ ಇನ್ನೊಂದು ಚೌಕದಿಂದ ಹೆಂಡತಿ ತಣ್ಣಗೆ ಉತ್ತರಿಸಿದಳು: "ನಮ್ಮನೆ ಡಿಫಾಲ್ಟು, ಸರ್. ಏನು ಒತ್ತಿದ್ರೂ ಮೊದಲು ಇವರೇ ತೆರ್ಕೋತಾರೆ."

ನಾಲ್ವರೂ ಬಿದ್ದು ಬಿದ್ದು ನಕ್ಕರು. ಅವಳಿಗೆ ಕೆಲಸ ಸಿಕ್ಕಿತು. ಅಲ್ಪವಿರಾಮದವರಿಗೆ ಪೂರ್ಣವಿರಾಮ ಸಿಕ್ಕಿತು.