ಗಾಜಿನ ಬಾಗಿಲಿನ ಶರ್ಟು

ಬೆಳಿಗ್ಗೆ ಕಾಲೇಜಿಗೆ ಹೊರಟ ಹೇಮಾಶ್ರೀ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತಳು. ಅಪ್ಪನ ಮುಖ ನೋಡಲಿಲ್ಲ, ಕಾಲರು ನೋಡಿದಳು.

"ಸಾಯಂಕಾಲ ಪ್ರೈಜ್ ಕೊಡೋದಕ್ಕೆ ನೀನು ಬರ್ಲೇಬೇಕು ಅಂತೇನಿಲ್ಲಪ್ಪ."

"ಬರ್ದೇ ಇರ್ತೀನಾ? ಇಡೀ ಕಾಲೇಜಿಗೇ ಫಸ್ಟ್ ಬಂದಿದ್ದೀಯ!"

"ಬಂದ್ರೆ… ಈ ಶರ್ಟ್ ಹಾಕ್ಕೊಂಡು ಬರ್ಬೇಡ."

ಅಷ್ಟು ಹೇಳಿ, ದಿನಾ ಅಪ್ಪ ಕೂರಿಸಿಕೊಂಡು ಹೋಗುತ್ತಿದ್ದ ಸೈಕಲ್ಲನ್ನು ಅವತ್ತು ತಾನೇ ತುಳಿದುಕೊಂಡು ಹೋದಳು. ಕಲ್ಲೇಶಪ್ಪ ಅಲ್ಲೇ ನಿಂತು ಶರ್ಟಿನ ತುದಿಯನ್ನು ಮೂಗಿಗೆ ಹಿಡಿದುಕೊಂಡ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ಚೀಲ ಹೊತ್ತು ತೂಗಿದವನು ಅವನು. ಇದ್ದ ಮೂರು ಶರ್ಟಿಗೂ ಎಣ್ಣೆ ಎಷ್ಟು ಇಳಿದಿತ್ತೆಂದರೆ, ಹಿಂಡಿದರೆ ಒಂದು ಹೊತ್ತಿನ ಒಗ್ಗರಣೆಗೆ ಆಗುತ್ತಿತ್ತು. ತಾನು ಹೀಗೆ ವಾಸನೆ ಹೊಡೆಯುತ್ತೇನೆಂದು ಅವನಿಗೆ ಗೊತ್ತಿರಲಿಲ್ಲ. ಮೀನಿಗೆ ಕೆರೆಯ ವಾಸನೆ ಗೊತ್ತಾಗುತ್ತದೆಯೇ?

ಮಗಳ ಪಕ್ಕದಲ್ಲಿ ಅಪ್ಪ ಅನ್ನಿಸಿಕೊಂಡು ಒಂದು ಸಲ ನಿಲ್ಲಬೇಕು. ಸಂಜೆ ನಾಲ್ಕಕ್ಕೆ ಮುಂಚೆ ಅದಕ್ಕೆ ತಕ್ಕ ಒಂದು ಶರ್ಟು ಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಮಂಡಿಯಲ್ಲಿ ಈ ಮಾತು ಬಾಯಿಬಿಟ್ಟದ್ದೇ ತಪ್ಪಾಯಿತು. ಗುಮಾಸ್ತ ಇಂದುಧರ ಫ್ಯಾಷನ್ನಿನ ವಿಷಯದಲ್ಲಿ ಮಂಡಿಗೆಲ್ಲ ಪೀಠಾಧಿಪತಿ. ಅವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದೇಬಿಟ್ಟ.

"ಚನ್ನಬಸವಯ್ಯನ ಜವಳಿ ಅಂಗಡಿಗೆ ಹೋಗಿ ಮರ್ಯಾದೆ ಕಳಕೋಬ್ಯಾಡ. ಬಿ.ಎಚ್. ರೋಡಲ್ಲಿ ಕಂಪನಿ ಶೋರೂಮ್ ಆಗೈತಲ್ಲ, ಅಲ್ಲಿಗೆ ಹೋಗು. ಈಗ ಬಟ್ಟೆ ಯಾರೂ ನೋಡಲ್ಲ, ಎದೆ ಮ್ಯಾಲೆ ಗುಬ್ಬಚ್ಚಿ ಗುರುತು ಐತಾ ಅಂತ ನೋಡ್ತಾರೆ. ಚೌಕಾಶಿ ಮಾಡ್ಬೇಡ. ದಾರ ಕಿತ್ತು ನೋಡ್ಬೇಡ. 'ಬಣ್ಣ ಹೋಯ್ತದಾ' ಅಂತ ಕೇಳ್ಲೇಬೇಡ."

"ಮತ್ತೆ ಏನ್ ಕೇಳ್ಲಿ?"

"ಏನೂ ಕೇಳ್ಬೇಡ. 'ಎಕ್ಸ್ಯೂಸ್ ಮಿ' ಅಂತ ಸುಮ್ಕಿರು."

ಪಕ್ಕದ ಮನೆಯ ಹನುಮಯ್ಯ ರೈಲ್ವೆಯಿಂದ ನಿವೃತ್ತನಾದ ಮೇಲೆ ಊರಿನವರ ಕೆಲಸವನ್ನೆಲ್ಲ ತನ್ನದೇ ಅಂದುಕೊಂಡಿದ್ದವನು. ದಾರಿಯಲ್ಲಿ ಸಿಕ್ಕವನೇ, "ಒಬ್ಬನೇ ಹೋದ್ರೆ ಟೋಪಿ ಹಾಕ್ತಾರೆ ಕಣ್ಲಾ, ನಡಿ" ಎಂದು ಜೊತೆಗೆ ಬಂದ.

ಶೋರೂಮಿನ ಗಾಜಿನ ಬಾಗಿಲ ಮುಂದೆ ಕಲ್ಲೇಶಪ್ಪ ಚಪ್ಪಲಿ ಬಿಟ್ಟ. ಅಷ್ಟು ಹೊಳೆಯುವ ನೆಲಕ್ಕೆ ಚಪ್ಪಲಿ ಕಾಲಲ್ಲಿ ಹೋಗುವುದು ಯಾವ ಸಂಸ್ಕಾರ? ಒಳಗೆ ಮಾಲೇಕಲ್ಲು ಬೆಟ್ಟದ ಮೇಲಿನ ಬೆಳಗಿನ ಜಾವದಂಥ ಚಳಿ. ಸಾಲಾಗಿ ನಿಂತ ಗೊಂಬೆಗಳಿಗೆ ಕೋಟು ಇತ್ತು, ಟೈ ಇತ್ತು, ತಲೆ ಮಾತ್ರ ಇರಲಿಲ್ಲ.

"ತಲೆ ಇದ್ದೋರು ಈ ರೇಟಿಗೆ ತಗೊಳಲ್ಲ ಅಂತಿರ್ಬೇಕು" ಎಂದ ಹನುಮಯ್ಯ. ಕಾವಲಿನವನು ಅವನನ್ನು ನಯವಾಗಿ ಹೊರಗೆ ಕಳಿಸಿದ.

ಚನ್ನಬಸವಯ್ಯನ ಅಂಗಡಿಯಲ್ಲಿ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಬಟ್ಟೆಯೇ ಹಾರಿಕೊಂಡು ತೊಡೆಯ ಮೇಲೆ ಬೀಳುತ್ತಿತ್ತು. ನಡುವೆ ಕಾಫಿ, ಮನೆಮಂದಿಯ ಯೋಗಕ್ಷೇಮ. ಇಲ್ಲಿ ಬಟ್ಟೆಗಳು ಸಾಹೇಬರ ಹಾಗೆ ಕದಲದೆ ನೇತಾಡುತ್ತಿದ್ದವು. ಕಲ್ಲೇಶಪ್ಪನೇ ಅವುಗಳ ಮುಂದೆ ಕೈಕಟ್ಟಿಕೊಂಡು ಹಾದುಹೋಗಬೇಕಾಯಿತು. ಒಂದರ ಚೀಟಿ ತಿರುಗಿಸಿ ನೋಡಿದ. ಅದು ಬೆಲೆಯಲ್ಲ, ಫೋನ್ ನಂಬರಿರಬೇಕು ಎಂದುಕೊಂಡು ಮೆಲ್ಲಗೆ ಕೈಬಿಟ್ಟ.

"ಮೇ ಐ ಹೆಲ್ಪ್ ಯು, ಸರ್?" ಎಂದಳು ಅಂಗಡಿಯ ಹುಡುಗಿ.

ಸರ್ ಯಾರೆಂದು ಕಲ್ಲೇಶಪ್ಪ ಹಿಂದೆ ತಿರುಗಿ ನೋಡಿದ. ಆಮೇಲೆ ಪಾಠ ನೆನಪಾಗಿ "ಎಕ್ಸ್ಯೂಸ್ ಮಿ" ಎಂದು ಸುಮ್ಮನೆ ನಿಂತ. ಹುಡುಗಿಗೆ ನಗು ತಡೆಯಲಾಗಲಿಲ್ಲ. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಯಾಕಣ್ಣ, ಮದ್ವೆಗಾ?" ಎಂದಳು.

"ಮಗಳ ಪ್ರೈಜಿಗೆ ಕಣವ್ವ."

ಅವಳು ತಿಳಿನೀಲಿ ಶರ್ಟೊಂದನ್ನು ಕೊಟ್ಟು, ಹಾಕಿ ನೋಡಿಕೊಳ್ಳಿ ಎಂದು ಒಂದು ಗೂಡಿನೊಳಗೆ ಕಳಿಸಿದಳು. ಗೂಡಿಗೆ ಮೂರು ಕಡೆ ಕನ್ನಡಿ. ಕಲ್ಲೇಶಪ್ಪ ಹಳೆಯ ಶರ್ಟು ಬಿಚ್ಚಿದ. ತೂತುಬಿದ್ದ ಒಂದು ಬನಿಯನ್ನು ಅಲ್ಲಿ ಮೂರಾಯಿತು. ತನ್ನ ಬೆನ್ನನ್ನು ಅವನು ಎಂದೂ ನೋಡಿಕೊಂಡಿರಲಿಲ್ಲ. ಚೀಲ ಹೊತ್ತು ಹೊತ್ತು ಅದು ಹಳೇ ಕೊಡೆಯ ಕಡ್ಡಿಯ ಹಾಗೆ ಬಾಗಿತ್ತು. ಈ ಬೆನ್ನನ್ನು ಮಗಳು ದಿನಾ ನೋಡುತ್ತಾಳಲ್ಲ ಅನ್ನಿಸಿತು. ಹೊಸದನ್ನು ಮೈಗೆ ತಾಗಿಸದೆ, ಹಳೆಯದನ್ನೇ ಹಾಕಿಕೊಂಡು ಹೊರಬಂದು, "ಸರಿಯಾಗೈತೆ ಕಣವ್ವ, ಕಟ್ಟಿಬಿಡು" ಎಂದು ಮಂಡಿಯಿಂದ ತಂದಿದ್ದ ಮುಂಗಡವನ್ನೆಲ್ಲ ಎಣಿಸಿಕೊಟ್ಟ.

"ಏನಾದ್ರೂ ಆದ್ರೆ ಏಳು ದಿನದೊಳಗೆ ಬದ್ಲಾಯಿಸ್ಕೊಡ್ತೀವಿ. ಕಲೆ ಮಾತ್ರ ಆಗಿರ್ಬಾರ್ದು ಅಣ್ಣ."

ಹೊರಗೆ ಬಂದರೆ ಚಪ್ಪಲಿ ಇಲ್ಲ. ಫೆಬ್ರವರಿಯ ಮಧ್ಯಾಹ್ನದ ಟಾರು ರಸ್ತೆಯಲ್ಲಿ ಕುಣಿಯುತ್ತಾ ಮನೆಗೆ ಬಂದ. ಜಗಲಿಯ ಮೇಲೆ ಹನುಮಯ್ಯ ಅವನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಕದ್ದುಗಿದ್ದಾರು ಅಂತ ತಗೊಂಡು ಬಂದೆ. ನಿಂಗೆ ಜ್ಞಾನ ಬ್ಯಾಡ್ವಾ?"

ಕಲ್ಲೇಶಪ್ಪ ಕಾಲಿಗೆ ನೀರು ಹಾಕಿಕೊಳ್ಳಲು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಒಳಗೆ ಶಾಸ್ತ್ರ ಮುಗಿದಿತ್ತು. ಹೆಂಡತಿ ರಂಗಮ್ಮ ಶರ್ಟಿನ ಗುಂಡುಸೂಜಿಗಳನ್ನೆಲ್ಲ ಕಿತ್ತಿದ್ದಳು. ಎದುರುಮನೆಯ ಮಾದಮ್ಮ ಹೆಬ್ಬೆರಳಿನಷ್ಟು ಅಗಲ ಅರಿಶಿನವನ್ನು ಕಾಲರಿನ ತುದಿಗೆ ಹಚ್ಚಿ, ದೇವರ ಗೂಡಿನ ಮುಂದೆ ಇಟ್ಟಿದ್ದಳು.

"ಹೊಸ ಬಟ್ಟೆನ ಅರಿಶಿನ ಹಚ್ದೇ ಉಡಬಾರ್ದು ಕಣಪ್ಪ. ಒಳ್ಳೇದಾಗ್ಲಿ, ಹಾಕ್ಕೊ."

ಹಾಕಿಕೊಂಡ. ಕೈ ಹೋಯಿತು. ಭುಜ ಹೋಯಿತು. ಗುಂಡಿಯ ಹತ್ತಿರ ಬಂದಾಗ ಎರಡು ಅಂಚುಗಳೂ ಭಾಗ ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ ಅತ್ತ ಒಂದು ಇತ್ತ ಒಂದು ನಿಂತವು.

ಓಡಿದ. ಚಪ್ಪಲಿ ಹಾಕಿಕೊಂಡೇ ಶೋರೂಮಿನೊಳಗೆ ನುಗ್ಗಿದ. ಹುಡುಗಿ ಕಾಲರು ನೋಡಿದಳು, ಅವನ ಮುಖ ನೋಡಿದಳು.

"ಅರಿಶಿನ ಕಣವ್ವ ಅದು, ಕಲೆ ಅಲ್ಲ. ಶುಭ!"

"ನಂಗೊತ್ತು ಅಣ್ಣ, ನಮ್ಮನೇಲೂ ಹಚ್ತಾರೆ. ಕಂಪನಿಗೆ ಗೊತ್ತಿಲ್ವಲ್ಲ" ಎಂದಳು ಅವಳು, ನಿಜವಾದ ಸಂಕಟದಿಂದ. "ಉಸಿರು ಒಳಗೆ ತಗೊಳ್ಳಿ. ಹಾಂ… ಇನ್ನೊಂಚೂರು." ಒಂದೊಂದೇ ಗುಂಡಿಯನ್ನು ಅವಳೇ ಹಾಕಿದಳು. "ಈಗ ಹೀರೋ ಥರ ಇದ್ದೀರ. ಉಸಿರು ಮಾತ್ರ ಬಿಡಬೇಡಿ."

ನಾಲ್ಕಕ್ಕೆ ಐದು ನಿಮಿಷವಿತ್ತು. ಕಲ್ಲೇಶಪ್ಪ ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು, ಕುತ್ತಿಗೆ ತಿರುಗಿಸದೆ, ಮೆರವಣಿಗೆಯ ಮೂರ್ತಿಯ ಹಾಗೆ ಕಾಲೇಜಿನ ಗೇಟು ಹೊಕ್ಕ. ಸಭಾಂಗಣದ ಬಾಗಿಲಲ್ಲಿ ಹೇಮಾಶ್ರೀ ಗೆಳತಿಯೊಬ್ಬಳ ಜೊತೆ ನಿಂತಿದ್ದಳು. ಅಪ್ಪನನ್ನು ನೋಡಿದವಳೇ ಬಿಳಿಚಿಕೊಂಡಳು. ಶರ್ಟಿನ ಬೆರಗಿಗೇ ಹೀಗಾಯಿತೆಂದು ಅವನು ಬೀಗಿದ.

ಗೆಳತಿ ಮುಂದೆ ಬಂದಳು. "ಏ ಹೇಮಾ, ಇವ್ರು ನಿಮ್ಮ ತೋಟದ ಆಳಲ್ವೇನೇ? ದಿನಾ ನಿನ್ನ ಸೈಕಲ್ಲಲ್ಲಿ ಬಿಟ್ಟೋಗ್ತಾರಲ್ಲ?"

ಹೇಮಾಶ್ರೀ ನೆಲ ನೋಡಿದಳು. ಕಲ್ಲೇಶಪ್ಪ ಹಿಡಿದಿದ್ದ ಉಸಿರು ತಾನಾಗಿ ಹೊರಟುಹೋಯಿತು. ನಡುವಿನ ಗುಂಡಿಯೊಂದು ಸಿಡಿದು ಮೆಟ್ಟಿಲ ಮೇಲೆ ಉರುಳಿತು. ಗೆಳತಿಯೇ ಅದನ್ನು ಹೆಕ್ಕಿಕೊಟ್ಟಳು. ಕೊಡುವಾಗ ಅವಳ ಕಣ್ಣು ಅವನ ಎದೆಯ ಮೇಲಿನ ಗುಬ್ಬಚ್ಚಿಗೆ ಬಿತ್ತು.

"ಅಯ್ಯೋ, ಶೋರೂಮ್ ಶರ್ಟು! ನಮ್ಮಪ್ಪ ನನ್ನ ತಮ್ಮನಿಗೇ ಕೊಡ್ಸಿಲ್ಲ ಕಣೇ. ಆಳಿಗೇ ಇಂಥಾದ್ದು ಕೊಡ್ಸ್ತಾರೆ ಅಂದ್ರೆ! ನಿಮ್ದು ನೂರು ಎಕ್ರೆ ತೆಂಗಿನ ತೋಟ ಅಂದಾಗ ನಾನು ನಂಬಿರ್ಲಿಲ್ಲ. ಸಾರಿ ಕಣೇ ಹೇಮಾ, ಇವತ್ತು ನಂಬ್ದೆ."

ಆಮೇಲೆ ಕಲ್ಲೇಶಪ್ಪನ ಕಡೆ ತಿರುಗಿದಳು. "ಯಜಮಾನ್ರು ಬರ್ಲಿಲ್ವಾ?"

ಹೇಮಾಶ್ರೀಯ ಕಣ್ಣು ತುಂಬಿಬಂದಿತ್ತು. ತುಟಿ ಏನೋ ಹೇಳಲು ತೆರೆಯಿತು. ಅವಳಿಗಿಂತ ಮೊದಲೇ ಕಲ್ಲೇಶಪ್ಪ ಬಾಯಿ ಹಾಕಿದ.

"ಇಲ್ಲ ಕಣವ್ವ. ಅವ್ರಿಗೆ ಏನೋ ಕೆಲ್ಸ. ಮಗು ಪ್ರೈಜ್ ತಗೊಳೋದ ನೋಡ್ಕಂಡು ಬಾ ಅಂತ ನನ್ನ ಕಳಿಸವ್ರೆ."

"ಕುರ್ಚಿ ಎಲ್ಲಾ ಪೇರೆಂಟ್ಸಿಗೆ. ನೀವು ಹಿಂದೆ ಗೋಡೆ ಹತ್ರ ನಿಂತ್ಕೊಂಡು ನೋಡಿ, ಚೆನ್ನಾಗಿ ಕಾಣುತ್ತೆ. ನಿಮ್ಮ ಯಜಮಾನ್ರು ತುಂಬಾ ಒಳ್ಳೇವ್ರು ಅನ್ಸುತ್ತೆ."

"ಒಳ್ಳೇವ್ರೇ ಕಣವ್ವ" ಎಂದ ಕಲ್ಲೇಶಪ್ಪ, ತೆರೆದುಕೊಂಡ ಶರ್ಟನ್ನು ಒಂದು ಕೈಯಲ್ಲಿ ಕೂಡಿಸಿ ಹಿಡಿದುಕೊಳ್ಳುತ್ತಾ. "ಆದ್ರೆ ಪಾಪ, ಬಟ್ಟೆ ವಿಚಾರ್ದಾಗೆ ಒಂಚೂರೂ ತಿಳಿಯಾಕಿಲ್ಲ."